ಪಿಕಳಾರವನ್ನು ಲ್ಯಾಮಿನೇಟ್ ಮಾಡಿದ್ದು

ಕಳೆದ ಮಂಗಳವಾರ ಆಸ್ಪತ್ರೆಯಲ್ಲಿ ಗುರುತಿನ ಚೀಟಿ ಹೊಸದು ಮಾಡಿಸಿಕೊಳ್ಳಲು ಆಫೀಸಿನ ಕಿಟಕಿಯ ಮುಂದೆ ನಿಂತಿದ್ದೆ. ಒಳಗೆ ಕೂತಿದ್ದವಳು ನನ್ನ ಫೋಟೋ ಇರುವ ಚೀಟಿಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒಂದು ಪುಟ್ಟ ಯಂತ್ರದ ಬಾಯಿಗೆ ಕೊಟ್ಟಳು. ಯಂತ್ರ ಗುಂಯ್ ಎಂದಿತು, ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಕಿಟಕಿಯಾಚೆ ಬಂತು. ನನಗೇ ಗೊತ್ತಾಗದಂತೆ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. "ಡಾಕ್ಟರ್, ಯು ಗ್ರ್ಯಾಂಡ್?" ಎಂದಳು. "ಗ್ರ್ಯಾಂಡ್, ಗ್ರ್ಯಾಂಡ್" ಎಂದೆ. ಐರ್ಲೆಂಡಿನಲ್ಲಿ ಚೆನ್ನಾಗಿದ್ದೇನೆ ಎನ್ನಲು ಇದೇ ಮಾತು, ಕಾಲು ಮುರಿದುಕೊಂಡು ಬಂದವರೂ ಮೊದಲು ಹೇಳುವುದು ಅದನ್ನೇ. ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ನನಗೂ ಅಂಟಿಕೊಂಡಿದೆ.

ಆ ವಾಸನೆಗೂ ನನಗೂ ಹಳೆಯ ನಂಟು. ದಾವಣಗೆರೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಮಾಡಿದ ಮೊದಲ ಕೆಲಸ ಪೇಡೆ ತಂದಿದ್ದಲ್ಲ, ಮಾರ್ಕ್ಸ್ ಕಾರ್ಡನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದ್ದು. ನೀವೇ ಹೇಳಿ, ನಮ್ಮಲ್ಲಿ ಯಾರ ಮನೆಯಲ್ಲಿ ಇದು ನಡೆದಿಲ್ಲ? ಜನ್ಮಪತ್ರ, ರೇಷನ್ ಕಾರ್ಡು, ದೇವರ ಪಟ, ಅಜ್ಜನ ಪಿಂಚಣಿ ಪುಸ್ತಕದ ಮೊದಲ ಹಾಳೆ. ಹಾಳಾಗಬಾರದ್ದು ಏನೇ ಇರಲಿ, ಅದಕ್ಕೆ ಪ್ಲಾಸ್ಟಿಕ್ ಹೊದಿಸಿದರೆ ನಮಗೆ ನೆಮ್ಮದಿ. ನನ್ನ ವೈದ್ಯಕೀಯ ನೋಂದಣಿ ಪತ್ರವನ್ನೂ ಹೀಗೆಯೇ ಭದ್ರ ಮಾಡಿದ್ದೆ. ಮುಂದೆ ಅದರ ಹಿಂಬದಿಗೆ ಒಂದು ಮೊಹರು ಒತ್ತಿಸಬೇಕಾಗಿ ಬಂದಾಗ, ಕಚೇರಿಯ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಡಾಕ್ಟ್ರೇ, ಇದನ್ನ ಇನ್ನು ಮೊಹರಲ್ಲ, ಮಳೇನೂ ಮುಟ್ಟಲ್ಲ" ಎಂದರು. ಅಷ್ಟಾದರೂ ಬುದ್ಧಿ ಬರಲಿಲ್ಲ. ಡಬ್ಲಿನ್‌ಗೆ ಬಂದ ಮೇಲೆ ಆಡಮ್ಸ್‌ಟೌನ್‌ನಲ್ಲಿ ನಮ್ಮವರು ಭಾನುವಾರ ನಡೆಸುವ ಕನ್ನಡ ಕ್ಲಾಸಿಗೆ ಅಆಇಈ ಪಟಗಳು ಬೇಕು ಎಂಬ ನೆಪದಲ್ಲಿ ಯಂತ್ರವನ್ನೇ ಕೊಂಡುಬಿಟ್ಟೆ. ಎರಡು ವಾರದಲ್ಲಿ ಐವತ್ತೂ ಅಕ್ಷರ ಮುಗಿದವು. ಆಮೇಲೆ ಫ್ರಿಜ್ಜಿನ ವಾರಂಟಿ, ಕಸದ ಗಾಡಿಯ ವೇಳಾಪಟ್ಟಿ, ಅಮ್ಮ ಬರೆದು ಕಳಿಸಿದ ಸಾರಿನ ಪುಡಿಯ ಅಳತೆ. "ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಮಲಗಿದ್ರೆ ನನ್ನನ್ನೂ ಮಾಡಿಬಿಡ್ತೀರಿ" ಎಂದು ನನ್ನ ಹೆಂಡತಿ ಸುಮಾ ಹೇಳುತ್ತಿದ್ದಳು.

ಈಗ ಮೋರಾ ಬಗ್ಗೆ ಹೇಳಬೇಕು. ಡಬ್ಲಿನ್‌ನ ಕ್ಯಾಸಲ್‌ನಾಕ್ ಬಡಾವಣೆಯಲ್ಲಿ ನಮ್ಮದು ಜೋಡಿಮನೆ. ನಡುವೆ ಒಂದೇ ಗೋಡೆ, ಈಚೆಗೆ ನಾವು, ಆಚೆಗೆ ಮೋರಾ. ನಾನು ಹೇಳಹೊರಟಿರುವುದು ನಾಲ್ಕು ವರ್ಷದ ಹಿಂದಿನ ಮಾತು, ಆಗ ಅವರಿಗೆ ಎಂಬತ್ತೊಂದು. ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಆದವರನ್ನು ಕಂಡರೆ ಮರುಗುತ್ತಿದ್ದರು. ನಮ್ಮ ಕುಕ್ಕರಿನ ಕೂಗು ಗೋಡೆ ದಾಟಿ ಅವರಿಗೆ ಕೇಳುತ್ತದೆ. "ನಿನ್ನೆ ಐದು ಕೂಗಿತಲ್ಲ, ಬೇಳೆಗೆ ಮೂರು ಸಾಕಲ್ವಾ?" ಎಂದು ಬೇಲಿಯ ಮೇಲಿಂದ ವಿಚಾರಿಸುವಷ್ಟು ಕಲಿತಿದ್ದರು. ಅವರು ಮಾತಾಡುವುದು ಇಂಗ್ಲಿಷೇ. ಆದರೆ ನಾಲ್ಕನೇ ಕ್ಲಾಸಿನ ಪುಂಡರನ್ನು ವರ್ಷಗಟ್ಟಲೆ ಹದ್ದುಬಸ್ತಿನಲ್ಲಿಟ್ಟ ದನಿ ಅದು, ನನ್ನ ಕಿವಿಗೆ ಕನ್ನಡವಾಗಿಯೇ, ಅದೂ ಏಕವಚನದಲ್ಲೇ, ಬೀಳುತ್ತದೆ. ಹಾಗಾಗಿ ಇಲ್ಲೂ ಅದೇ ರೀತಿ ಬರೆಯುತ್ತೇನೆ.

ಮೋರಾ ಮನೆಯ ಬಾಗಿಲು ದಾಟಿದರೆ ಒಂದು ಕತ್ತಲೆಯ ನಡುಮನೆ. ಅದರ ಗೋಡೆಯ ಮೇಲೆ ಹನ್ನೆರಡು ಹಕ್ಕಿಗಳು. ಒಂದೊಂದೂ ನೋಟ್‌ಪುಸ್ತಕದ ಹಾಳೆಯಷ್ಟು ದೊಡ್ಡ ಚಿತ್ರ, ಸುತ್ತ ಮಾಸಿದ ನೀಲಿ ರೇಷ್ಮೆಪಟ್ಟಿ, ಮೇಲೆ ಗಾಜು. ಅವರ ಮುತ್ತಜ್ಜನ ಅಣ್ಣ ಒಬ್ಬರು ಚಹಾ ತರುವ ಹಡಗಿನಲ್ಲಿ ವೈದ್ಯರಾಗಿದ್ದರಂತೆ. ಚೀನಾದ ಬಂದರಿನಿಂದ ಒಂದು ಮರದ ಪೆಟ್ಟಿಗೆಯಲ್ಲಿ ಇವನ್ನು ತಂದರಂತೆ. ತಂದವರು ಹೋದರು, ಪೆಟ್ಟಿಗೆಯೂ ಹೋಯಿತು, ಹಕ್ಕಿಗಳು ಮಾತ್ರ ಮನೆಯಿಂದ ಮನೆಗೆ ಬಂದು ಮೋರಾ ಗೋಡೆಯಲ್ಲಿ ಕೂತವು. ಬೆಳಕು ತಾಗಿದರೆ ಬಣ್ಣ ಹೋಗುತ್ತದೆಂದು ಅಲ್ಲಿ ದೊಡ್ಡ ದೀಪ ಹಾಕುತ್ತಿರಲಿಲ್ಲ. "ಬಿಸಿಲು ಆಗಲ್ಲ ಇವಕ್ಕೆ" ಎನ್ನುತ್ತಿದ್ದರು. ಐರ್ಲೆಂಡಿನಲ್ಲಿ ಕೂತು ಬಿಸಿಲಿಗೆ ಹೆದರುವ ಹಕ್ಕಿಗಳು ಎಂದು ನನಗೆ ಒಳಗೊಳಗೇ ನಗು.

ಆದರೆ ಹತ್ತಿರ ಹೋಗಿ ನೋಡಿದರೆ ನಗು ನಿಲ್ಲುತ್ತಿತ್ತು. ಬಣ್ಣ ಕಾಗದದ ಮೇಲೆ ಮಟ್ಟಸವಾಗಿ ಕೂತಿರಲಿಲ್ಲ, ಉಬ್ಬಿತ್ತು. ಎದೆಯ ಪುಕ್ಕವನ್ನು ಬೆರಳಿನಿಂದ ಸವರಬೇಕು ಎನ್ನಿಸುವಷ್ಟು ಮೃದು. ಆ ಕಾಗದಕ್ಕೆ ಇಲ್ಲಿಯವರು ಅಕ್ಕಿ ಕಾಗದ ಎಂದು ಹೆಸರಿಟ್ಟಿದ್ದಾರೆ, ಅದರಲ್ಲಿ ಅಕ್ಕಿಯ ನುಚ್ಚೂ ಇಲ್ಲ. ಯಾವುದೋ ಗಿಡದ ಕಾಂಡದೊಳಗಿನ ಬಿಳಿ ತಿರುಳನ್ನು, ಸೇಬಿನ ಸಿಪ್ಪೆಯನ್ನು ತುಂಡಾಗದಂತೆ ಸುತ್ತ ಹೆರೆಯುತ್ತೇವಲ್ಲ, ಹಾಗೆ ಹೆರೆದು ಮಾಡಿದ ಹಾಳೆ ಅದು. ನಮ್ಮ ಕಡೆ ಬೆಂಡು ಎನ್ನುವುದಿಲ್ಲವೆ, ಅದರ ದಾಯಾದಿ. ಬಣ್ಣದ ನೀರು ತಾಗಿದೊಡನೆ ಅದು ಉಬ್ಬಿ ನಿಲ್ಲುತ್ತದೆ, ಆ ಉಬ್ಬಿನಲ್ಲೇ ಹಕ್ಕಿಗೆ ಜೀವ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೊದಲೇ ತಿಳಿದಿದ್ದರೆ ಈ ಪ್ರಬಂಧ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಬರೆದವರು ದೊಡ್ಡ ಕಲಾವಿದರೆಂದು ಹೆಸರು ಉಳಿಸಿಕೊಂಡವರಲ್ಲ. ಹಡಗಿನವರಿಗೆ ಮಾರಲೆಂದೇ ಬಂದರಿನ ಅಂಗಡಿಗಳಲ್ಲಿ ಸಾಲಾಗಿ ಕೂತು ಬರೆಯುತ್ತಿದ್ದರಂತೆ. ಒಬ್ಬ ಗೆರೆ ಎಳೆಯುವವನು, ಒಬ್ಬ ಪುಕ್ಕ ತುಂಬುವವನು, ಇನ್ನೊಬ್ಬ ಬರೀ ಎಲೆಯವನು. ಬೆಂಗಳೂರಿನ ದರ್ಶಿನಿಯಲ್ಲಿ ಇಡ್ಲಿಯವನು ದೋಸೆಗೆ ಕೈ ಹಾಕುವುದಿಲ್ಲವಲ್ಲ, ಹಾಗೆ. ಊರಿಗೆ ಹೋಗುವ ಹಡಗಿನವರು, ನಾವು ಚನ್ನಪಟ್ಟಣದ ಗೊಂಬೆ ಕೊಳ್ಳುವಂತೆ, ಡಜನ್ ಲೆಕ್ಕದಲ್ಲಿ ಕೊಂಡು ಒಯ್ಯುತ್ತಿದ್ದರು. ಎಲೆಯವನಿಗೂ ಪುಕ್ಕದವನಿಗೂ ಆ ದಿನ ಮಾತು ಬಿಟ್ಟಿತ್ತೋ ಏನೋ, ಮೋರಾ ಮನೆಯ ಒಂದು ಹಕ್ಕಿ ತನ್ನ ಭಾರಕ್ಕೆ ಬಗ್ಗಲೇಬೇಕಾದ ಹೂವಿನ ದಂಟಿನ ಮೇಲೆ ದಿವಾನರ ಹಾಗೆ ಕೂತಿತ್ತು. ದಂಟು ಮಾತ್ರ ನೆಟ್ಟಗೆ.

ಹನ್ನೆರಡಕ್ಕೂ ಮೋರಾ ತಮ್ಮ ಚರ್ಚಿನ ಜನರ ಹೆಸರಿಟ್ಟಿದ್ದರು. ಕಪ್ಪು ಬಿಳುಪಿನ ಉದ್ದ ಬಾಲದ್ದು ಪೋಸ್ಟಾಫೀಸಿನ ಬ್ರೀಡಾ, ಊರಿನ ಸುದ್ದಿಯೆಲ್ಲ ಅವಳ ಬಾಲದಲ್ಲಿ. ಜೋಡಿ ಹಳದಿ ಹಕ್ಕಿಗಳು, ಒಂದೇ ಗಂಡಸನ್ನು ಕಾದು ಇಬ್ಬರೂ ಮದುವೆಯಾಗದೆ ಉಳಿದ ಅಕ್ಕತಂಗಿಯರು. ತಲೆಯ ಮೇಲೆ ಮೊನಚು ಜುಟ್ಟು, ಕೆನ್ನೆಯಲ್ಲಿ ಕೆಂಪು ಚುಕ್ಕೆ, ಬಾಲದ ಬುಡದಲ್ಲೂ ಕೆಂಪು ಇರುವ ಒಂದಕ್ಕೆ ಬಿಷಪ್ ಎಂದು ಹೆಸರು. "ಟೊಪ್ಪಿಗೆ ನೋಡು, ಹೊಟ್ಟೆ ನೋಡು, ನಿಂತಿರೋ ಠೀವಿ ನೋಡು. ಇಂಥ ಹಕ್ಕಿ ಭೂಮಿ ಮೇಲೆ ಇರೋಕೆ ಸಾಧ್ಯ ಇಲ್ಲ. ಬರೆದೋನು ಯಾವುದೋ ಪಾದ್ರಿನ ನೋಡಿ ಬರೆದಿದಾನೆ" ಎಂದು ಅವರ ಖಚಿತ ಅಭಿಪ್ರಾಯ.

ಆ ವರ್ಷ ಏಪ್ರಿಲ್‌ನಲ್ಲಿ ಅಮ್ಮ ಮೂರು ತಿಂಗಳ ಮಟ್ಟಿಗೆ ಬಂದಳು. ಮೈಸೂರಿನಲ್ಲಿ ನನ್ನ ಅಕ್ಕನ ಮನೆಯಲ್ಲಿ ಬೀದಿಗೆಲ್ಲ ಬೇಕಾದವಳಾಗಿ ಇರುವವಳು, ಇಲ್ಲಿ ನಾವಿಬ್ಬರೂ ಡ್ಯೂಟಿಗೆ ಹೋದ ಮೇಲೆ ಕಿಟಕಿಯಲ್ಲಿ ನಿಲ್ಲುವಂತಾಯಿತು. "ಇದೇನೋ ಊರು, ಬೀದೀಲಿ ಒಂದು ನಾಯಿ ಕೂಡ ತನ್ನ ಪಾಡಿಗೆ ತಿರುಗಲ್ವಲ್ಲೋ" ಎಂದು ಮೊದಲ ವಾರವೇ ಕೊರಗಿದಳು. ಒಂದು ಶನಿವಾರ ಅವಳನ್ನು ಕರೆದುಕೊಂಡು ಮೋರಾ ಮನೆಗೆ ಹೋದೆ. ನಡುಮನೆಯ ಕತ್ತಲೆಯಲ್ಲಿ ಅಮ್ಮ ತಟ್ಟನೆ ನಿಂತಳು. ಕನ್ನಡಕ ಮೇಲೇರಿಸಿ, ಬಿಷಪ್‌ನ ಗಾಜಿಗೆ ಮೂಗು ತಗಲುವಷ್ಟು ಬಗ್ಗಿದಳು.

"ಅಯ್ಯೋ, ಪಿಕಳಾರ ಕಣೋ ಇದು! ನಮ್ಮ ಬಾಲ್ಕನಿ ಮಲ್ಲಿಗೆ ಬಳ್ಳೀಲಿ ಗೂಡು ಕಟ್ಟಿ ಮೂರು ವಾರ ನನ್ನ ಒಂದು ಹೂ ಕೀಳೋಕೆ ಬಿಡ್ಲಿಲ್ಲ. ಇದು ಇಲ್ಲೇನು ಮಾಡ್ತಿದೆ?"

ನಾನು ಮೋರಾಗೆ ಹೇಳಿದೆ. ಈ ಹಕ್ಕಿ ಇದೆ, ಅಮ್ಮನ ಮನೆಯಲ್ಲಿ ಇದೆ, ಬಾಳೆಹಣ್ಣು ತಿನ್ನುತ್ತದೆ ಎಂದೆ. ಮೋರಾ ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಎಂಬತ್ತೊಂದು ವರ್ಷ ಸುಳ್ಳು ಎಂದು ನಂಬಿದ್ದ ಹಕ್ಕಿ ನಿಜವೆಂದು ತಿಳಿದರೆ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಅವರು ಅಮ್ಮನ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದು ಕೂರಿಸಿದರು, ನನ್ನನ್ನು ಬಾಗಿಲಲ್ಲೇ ಮರೆತರು.

ಅಂದಿನಿಂದ ದಿನಾ ಮಧ್ಯಾಹ್ನ ಮೂರಕ್ಕೆ ಅಮ್ಮ ಆಚೆಮನೆಗೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಮೋರಾಗೆ ಕನ್ನಡ ಬಾರದು, ಇಬ್ಬರಿಗೂ ಅದು ಅಡ್ಡಿ ಎನ್ನಿಸಲಿಲ್ಲ. ಹಕ್ಕಿಗಳ ಮುಂದೆ ಕುರ್ಚಿ ಹಾಕಿಕೊಂಡು ಇವಳು ಪಿಕಳಾರದ ಕತೆ ಹೇಳುವುದು, ಅವರು ಬಿಷಪ್‌ನ ಕತೆ ಹೇಳುವುದು, ಇಬ್ಬರೂ ನಗುವುದು. ಕಪ್ಪು ಬಿಳುಪಿನ ಬ್ರೀಡಾ ನಮ್ಮ ಮಡಿವಾಳ ಹಕ್ಕಿ ಎಂದೂ ತೀರ್ಮಾನವಾಯಿತು. ಗೊತ್ತಿಲ್ಲದ ಹಕ್ಕಿಗಳಿಗೆ ಅಮ್ಮ ನಮ್ಮ ನೆಂಟರ ಹೆಸರಿಟ್ಟಳು. ಒಂದು ಸಂಜೆ ಬಂದು, "ಮೋರಮ್ಮನಿಗೆ ಮೊಣಕಾಲು ನೋವಂತೆ, ಒಬ್ಬಳೇ ತಂಗಿ ಇದ್ಲಂತೆ, ಹೋದಳಂತೆ" ಎಂದಳು. ಎಂಟು ವರ್ಷ ಪಕ್ಕದ ಮನೆಯಲ್ಲಿದ್ದ ನನಗೆ ಅವರಿಗೊಬ್ಬಳು ತಂಗಿ ಇದ್ದದ್ದು ಗೊತ್ತಿರಲಿಲ್ಲ. ಅಮ್ಮನಿಗೆ ಯಾವ ಭಾಷೆಯಲ್ಲಿ ಗೊತ್ತಾಯಿತು ಎಂದು ಕೇಳುವ ಧೈರ್ಯ ಬರಲಿಲ್ಲ.

ಅಮ್ಮ ಹೊರಡಲು ಎರಡು ವಾರ ಇರುವಾಗ ಮೋರಾ ಬಿಷಪ್‌ನನ್ನು ಗೋಡೆಯಿಂದ ಇಳಿಸಿ, ಒಂದು ಟವೆಲ್ಲಿನಲ್ಲಿ ಸುತ್ತಿ ತಾವೇ ತಂದುಕೊಟ್ಟರು. "ಇರೋ ಅಷ್ಟು ದಿನ ಅವಳ ಮಂಚದ ಪಕ್ಕ ಇರಲಿ. ಹೋಗೋವಾಗ ವಾಪಸ್ ಕೊಟ್ರೆ ಸಾಕು" ಎಂದರು. ಹನ್ನೆರಡರಲ್ಲಿ ಒಂದು ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಅಮ್ಮ ಅದನ್ನು ಮಂಚದ ಪಕ್ಕದ ಮೇಜಿನ ಮೇಲಿಟ್ಟು, ಬೆಳಿಗ್ಗೆ ಎದ್ದೊಡನೆ ದೇವರಿಗೆ ಕೈ ಮುಗಿದು ಆಮೇಲೆ ಅದಕ್ಕೊಂದು ನಮಸ್ಕಾರ ಹಾಕುತ್ತಿದ್ದಳು.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ನನಗೆ ಸುಮ್ಮನಿರುವುದು ಬಾರದು. ಚೌಕಟ್ಟಿನ ಹಿಂದಿನ ಹಲಗೆ ಸಡಿಲವಾಗಿತ್ತು, ಚಿತ್ರದ ಒಂದು ಮೂಲೆಯಲ್ಲಿ ಸಣ್ಣ ಬಿರುಕು, ಅಲ್ಲಲ್ಲಿ ಕಂದು ಚುಕ್ಕೆ. ಪಾಪ, ವಯಸ್ಸಾದವರು, ಯಾರೂ ನೋಡಿಕೊಳ್ಳುವವರಿಲ್ಲ, ಹೀಗೇ ಬಿಟ್ಟರೆ ಇನ್ನು ಹತ್ತು ವರ್ಷದಲ್ಲಿ ಪುಡಿಯಾಗುತ್ತದೆ, ನಾನೇ ಭದ್ರ ಮಾಡಿಕೊಟ್ಟು ಆಶ್ಚರ್ಯಪಡಿಸೋಣ ಎಂದುಕೊಂಡೆ. ಆ ಶನಿವಾರ ಸುಮಾ ಡ್ಯೂಟಿಯಲ್ಲಿದ್ದಳು, ಅಮ್ಮ ಊಟ ಮಾಡಿ ಸೋಫಾದ ಮೇಲೆ ಮಲಗಿದ್ದಳು. ಹಲಗೆ ತೆಗೆದೆ, ಹಕ್ಕಿಯನ್ನು ಬೆರಳ ತುದಿಯಲ್ಲಿ ಎತ್ತಿದೆ. ಗಾಳಿಯಷ್ಟು ಹಗುರ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ನೇರವಾಗಿ ಇಟ್ಟೆ. ಯಂತ್ರದ ಹಸಿರು ದೀಪ ಹತ್ತಿತು. ಬಾಯಿಗೆ ಕೊಟ್ಟೆ.

ಒಳಗಿನಿಂದ ಹಪ್ಪಳ ಮುರಿಯುವಂಥ ಸಣ್ಣ ಸದ್ದು ಬಂತು.

ಆಚೆ ಕಡೆಯಿಂದ ಹೊಳೆಯುತ್ತ ಬಿಷಪ್ ಹೊರಬಂದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಹತ್ತು ಸೆಕೆಂಡು ನನಗೆ ಸಂತೋಷವೇ ಆಯಿತು. ಎಷ್ಟು ಮಟ್ಟಸ, ಎಷ್ಟು ಗಟ್ಟಿ! ಆಮೇಲೆ ಕಣ್ಣು ಕಾಣಿಸತೊಡಗಿತು. ಉಬ್ಬಿದ್ದ ಎದೆಯ ಪುಕ್ಕ ಇರಲಿಲ್ಲ, ಅದರ ಜಾಗದಲ್ಲಿ ಒಂದು ಬೂದು ಕಲೆ. ಕೆನ್ನೆಯ ಕೆಂಪು ಕರಗಿ ಕೊಕ್ಕಿನವರೆಗೆ ಹಬ್ಬಿತ್ತು. ಎಲೆ ಮೂರು ಚೂರು. ಹಾಳೆಯ ಉದ್ದಕ್ಕೂ ಬರಗಾಲದ ಕೆರೆಯಂಗಳದ ಹಾಗೆ ಬಿರುಕು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ನಾನು ಗಣಪತಿಯನ್ನೇ ಇಸ್ತ್ರಿ ಮಾಡಿದ್ದೆ.

ಆಮೇಲೆ ಮಾಡಿದ್ದು ಇನ್ನೂ ನಾಚಿಕೆಗೇಡು. ಅದನ್ನು ಮತ್ತೆ ಚೌಕಟ್ಟಿಗೆ ಸೇರಿಸಿ, ಮಂಚದ ಪಕ್ಕ ಇಟ್ಟು, ಪರದೆ ಎಳೆದೆ. ಭಾನುವಾರವೆಲ್ಲ ಅಮ್ಮನ ಕೋಣೆಗೆ ಹೋಗಿ ಹೋಗಿ, "ಬೆಳಕು ಜಾಸ್ತಿ ಆಗ್ತಿದ್ಯಾ ಅಮ್ಮ?" ಎಂದು ವಿಚಾರಿಸಿದೆ. ಕುಂಬಳಕಾಯಿ ಕಳ್ಳ ಎಂದು ಇನ್ನೂ ಯಾರೂ ಅಂದಿರಲಿಲ್ಲ, ನಾನಾಗಲೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಸೋಮವಾರ ಬೆಳಿಗ್ಗೆ ಅಮ್ಮ ಪರದೆ ಸರಿಸಿದಳು.

"ಪಿಕಳಾರಕ್ಕೆ ಏನಾಯ್ತೋ? ಜೀವ ಹೋದ ಹಾಗಿದೆ."

ಹೇಳಿದೆ. ಅಮ್ಮ ಬೈಯಲಿಲ್ಲ. ಮಂಚದ ಮೇಲೆ ಕೂತಳು. "ಇನ್ನು ನಾಲ್ಕು ದಿನಕ್ಕೆ ಹೊರಡ್ತೀನಿ. ಇಷ್ಟು ದೊಡ್ಡ ಊರಲ್ಲಿ ನಂಗೆ ಇದ್ದಿದ್ದು ಅವರೊಬ್ಬರು. ಈಗ ಯಾವ ಮುಖ ಇಟ್ಕೊಂಡು ಅವರ ಮನೆಗೆ ಹೋಗ್ಲಿ?" ಎಂದಳು. ಅವಳು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಬರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆ ಮಧ್ಯಾಹ್ನ ಮೂರಕ್ಕೆ ಆಚೆಮನೆಗೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಸಂಜೆ ಮೋರಾ ಬೇಲಿಯ ಹತ್ತಿರ ನನ್ನನ್ನು ತಡೆದು, "ಅಮ್ಮನಿಗೆ ಹುಷಾರಿಲ್ವಾ? ಟೀ ಜೊತೆ ತಿನ್ನೋಕೆ ಸ್ಕೋನ್ ಬೇಯಿಸಿಟ್ಟಿದ್ದೆ, ತಣ್ಣಗಾಯ್ತು" ಎಂದರು. "ಸ್ವಲ್ಪ ನೆಗಡಿ" ಎಂದೆ. ಡಾಕ್ಟರ ಬಾಯಿಂದ ಬಂದ ಸುಳ್ಳು, ನಂಬಿದರು. ಬಾಟಲಿಯಲ್ಲಿ ಜೇನು ತಂದುಕೊಟ್ಟರು.

ಆ ಜೇನಿನ ಬಾಟಲಿ ಕಂಡದ್ದೇ ಅಮ್ಮ ಎದ್ದಳು. ಸೀರೆ ಬದಲಾಯಿಸಿದಳು. "ಏಳು. ಅದನ್ನ ತಗೋ. ಸುಮಾ, ನೀನೂ ಬಾ."

ಮೋರಾ ಅಡುಗೆಮನೆಯಲ್ಲಿ ನಾವು ನಾಲ್ವರು. ನಾನು ಚೌಕಟ್ಟನ್ನು ಮೇಜಿನ ಮೇಲಿಟ್ಟು ಆದದ್ದನ್ನು ಹೇಳಿದೆ. ಒಳ್ಳೆಯದಕ್ಕೆ ಎಂದೇ ಮಾಡಿದ್ದು, ಬಿರುಕು ಬಿಟ್ಟಿತ್ತು, ಹಾಳಾಗಬಾರದು ಅಂತ ಎಂದು ಮೂರು ಮೂರು ಸಲ ಹೇಳಿದೆ. ಮೋರಾ ಕಿಟಕಿಯ ಹತ್ತಿರ ಒಯ್ದು ನೋಡಿದರು. ಆ ಚಿತ್ರ ಅಷ್ಟು ಬೆಳಕು ಕಂಡದ್ದು ಬಹುಶಃ ಅದೇ ಮೊದಲು. ಬೆನ್ನು ತಿರುಗಿಸಿಯೇ ಕೇಳಿದರು.

"ನನ್ನ ಯಾಕೆ ಕೇಳಲಿಲ್ಲ ನೀನು?"

ನಾನು ಅರಿವಳಿಕೆ ಕೊಡುವ ವೈದ್ಯ. ಒಂದು ಸೂಜಿ ಚುಚ್ಚುವ ಮುಂಚೆಯೂ ಕೇಳುತ್ತೇನೆ, ವಿವರಿಸುತ್ತೇನೆ, ಸಹಿ ಹಾಕಿಸಿಕೊಳ್ಳುತ್ತೇನೆ. ಕೋಟು ಬಿಚ್ಚಿ ಮನೆಗೆ ಬಂದರೆ ನಾನು ನಮ್ಮ ಮನೆಯವನೇ. ನಮ್ಮಲ್ಲಿ ಪ್ರೀತಿ ಯಾವತ್ತು ಅಪ್ಪಣೆ ಕೇಳಿದೆ? ಸಾಕು ಎಂದವರ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ, ಬೇಡ ಎಂದವರ ತಲೆಗೆ ಹರಳೆಣ್ಣೆ ಬೀಳುತ್ತದೆ. ಅದನ್ನು ನಾನು ದೊಡ್ಡತನ ಎಂದೇ ತಿಳಿದಿದ್ದೆ.

"ನನಗೆ ತುಂಬಾ ಕೋಪ ಬಂದಿದೆ" ಎಂದರು ಮೋರಾ. "ಪರವಾಗಿಲ್ಲ, ಗ್ರ್ಯಾಂಡ್ ಅಂತ ಹೇಳೋದು ನನ್ನ ಕೈಲಿ ಆಗಲ್ಲ."

ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ಒಬ್ಬರು ನನ್ನೆದುರು ಗ್ರ್ಯಾಂಡ್ ಅಲ್ಲ ಎಂದದ್ದು ಅದೊಂದೇ ಸಲ. ಆಗ ಅಮ್ಮ ಬಾಯಿ ಬಿಟ್ಟಳು, ಎರಡು ದಿನದಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂತು.

"ಲೋ, ಬೆಂಡಿನ ಮೇಲೆ ಯಾರಾದ್ರೂ ಇಸ್ತ್ರಿ ಇಡ್ತಾರೇನೋ? ನಿನ್ನ ಮದುವೆ ಬಾಸಿಂಗ ಹತ್ತೀಲಿ ಸುತ್ತಿ ಇನ್ನೂ ಟ್ರಂಕಲ್ಲಿ ಇಟ್ಟಿದೀನಿ, ಕೊಡ್ಲಾ, ಅದನ್ನೂ ಒತ್ತಿಬಿಡ್ತೀಯಾ? ಡಾಕ್ಟ್ರಂತೆ ಡಾಕ್ಟ್ರು! ಬಾಳೆಹಣ್ಣು ಸುಲಿ ಅಂತ ಕೊಟ್ರೆ ಸಿಪ್ಪೆ ಇಟ್ಕೊಂಡು ಹಣ್ಣು ಬಿಸಾಕ್ತೀಯ. ಅವರು ದೀಪ ಕೂಡ ಹಾಕದೆ ಕಾಪಾಡಿದ್ದನ್ನ ಒಂದು ನಿಮಿಷಕ್ಕೆ ಹಪ್ಪಳ ಮಾಡಿದ್ಯಲ್ಲೋ! ಅದರ ಮೇಲೆ ನಂಗೆ ನೆಗಡಿ ಅಂತ ಬೇರೆ ಹೇಳಿದೀಯ!"

ಮೋರಾ ತಿರುಗಿದರು. "ಏನಂತಾಳೆ?"

"ಅಮ್ಮನಿಗೆ ತುಂಬಾ ಬೇಜಾರಾಗಿದೆ ಅಂತಿದಾಳೆ" ಎಂದೆ.

"ಅಷ್ಟೇನಾ?" ಎಂದಳು ಸುಮಾ, ಕನ್ನಡದಲ್ಲಿ. "ಬಾಸಿಂಗ ಎಲ್ಲಿ? ಬಾಳೆಹಣ್ಣು ಎಲ್ಲಿ? ನೆಗಡಿ ಎಲ್ಲಿ? ಆಸ್ಪತ್ರೇಲಿ ಇಂಟರ್‌ಪ್ರಿಟರ್ ಒಂದು ಮಾತು ಬಿಟ್ರೆ ಹಾರಾಡ್ತೀರಲ್ಲ, ಪೂರ್ತಿ ಹೇಳ್ರೀ." ನಾನು ತಡವರಿಸಿದೆ. ಕೊನೆಗೆ ಅವಳೇ ಮುಂದೆ ಬಂದು, ಒಂದಕ್ಷರ ಬಿಡದೆ, ಹಪ್ಪಳ ಎಂದರೇನು ಎಂಬ ವಿವರಣೆಯೊಂದಿಗೆ ಎಲ್ಲವನ್ನೂ ಇಂಗ್ಲಿಷಿಗೆ ಇಳಿಸಿದಳು. ಹದಿನೈದು ವರ್ಷದ ದಾಂಪತ್ಯದಲ್ಲಿ ಅವಳು ಯಾವ ಕೆಲಸವನ್ನೂ ಅಷ್ಟು ಸಂತೋಷದಿಂದ ಮಾಡಿದ್ದನ್ನು ನಾನು ಕಂಡಿಲ್ಲ.

ಬಾಸಿಂಗದ ಹತ್ತಿರ ಮೋರಾ ಅವಳನ್ನು ತಡೆದರು. ಇಂಥದೇ ಬೆಂಡಿನಲ್ಲಿ ಮಾಡಿದ್ದಾ? ಹಣೆಗೆ ಕಟ್ಟಿಕೊಂಡಿದ್ದನಾ, ಇವನು? ಗಿಡ ಬೇರೆ ಇರಬಹುದು, ಗುಣ ಒಂದೇ ಎಂದಳು ಸುಮಾ. ಎಷ್ಟು ಎತ್ತರ ಇತ್ತು ಎಂದು ಮೋರಾ ಕೇಳಿದ್ದಕ್ಕೆ, ಅಮ್ಮ ಎರಡೂ ಕೈಯನ್ನು ತನ್ನ ಹಣೆಯ ಮೇಲೆ ಮೊನಚಾಗಿ ಜೋಡಿಸಿ ತೋರಿಸಿದಳು. ಮೋರಾ ಆ ಕೈಗಳನ್ನು ನೋಡಿದರು, ಬಿಷಪ್‌ನ ಜುಟ್ಟನ್ನು ನೋಡಿದರು, ನನ್ನ ಬೋಳುತಲೆಯನ್ನು ನೋಡಿದರು. ಮೊದಲು ಭುಜ ಅಲುಗಿತು. ಆಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಎಷ್ಟು ನಗುವಿನದು, ಎಷ್ಟು ಹಕ್ಕಿಯದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಹತ್ತಿರ ಹೋಗಿ ಅವರ ತಲೆ ಸವರಿದಳು.

ಮರುದಿನ ಮೂರಕ್ಕೆ ಅಮ್ಮ ಆಚೆಮನೆಗೆ ಹೋದಳು, ಅದರ ಮರುದಿನವೂ ಹೋದಳು. ಶುಕ್ರವಾರ ಏರ್‌ಪೋರ್ಟಿಗೆ ಹೊರಟಾಗ ಮೋರಾ ಗೇಟಿನವರೆಗೆ ಬಂದು ಅವಳನ್ನು ತಬ್ಬಿಕೊಂಡರು. ನನ್ನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ. ನಗಿಸಿದ ಮಾತ್ರಕ್ಕೆ ಕ್ಷಮೆ ಸಿಕ್ಕಿತು ಎಂದು ನಾನು ಭಾವಿಸಿದ್ದು ನನ್ನ ಇನ್ನೊಂದು ದಡ್ಡತನ. ಮುಂದೆ ಬಹಳ ದಿನ ಅವರು ಕುಕ್ಕರಿನ ಬಗ್ಗೆ ವಿಚಾರಿಸಲಿಲ್ಲ. ಏಣಿ ಬೇಕಾದರೆ, ಬಲ್ಬು ಹಾಕಬೇಕಾದರೆ ಸುಮಾಳನ್ನೇ ಕೂಗುತ್ತಿದ್ದರು. ಬಿಷಪ್ ಮಾತ್ರ ಗೋಡೆಯಲ್ಲಿ ತನ್ನ ಮೊಳೆಗೇ ಮರಳಿದ, ಪ್ಲಾಸ್ಟಿಕ್ ಸಮೇತ. ಅದಕ್ಕೂ ಮೊದಲು, ಸುಮಾಳ ಮೂಲಕ ಕೇಳಿ ತರಿಸಿಕೊಂಡು, ಸರಿಮಾಡುವವರು ಯಾರಾದರೂ ಇದ್ದಾರೆಯೇ ಎಂದು ನಾನು ಪೇಟೆಯೆಲ್ಲ ವಿಚಾರಿಸಿದೆ. ಎಲ್ಲರೂ ನೋಡಿ, ಉಸಿರೆಳೆದುಕೊಂಡು, ವಾಪಸ್ ಕೊಟ್ಟರು. ಆಮೇಲೆ ಹೇಗೋ ಒಂದು ಚಳಿಗಾಲದ ಸಂಜೆ ಬೇಲಿಯ ಮೇಲಿಂದ, "ಇವತ್ತು ನಾಲ್ಕು ಕೂಗಿತು, ಏನು ಬೇಯಿಸ್ತಿದೀರಿ?" ಎಂದು ದನಿ ಬಂತು. ಕಡಲೆಕಾಳು ಎಂದೆ. ಒಳಗೆ ಬಂದು ಬಾಗಿಲು ಹಾಕಿಕೊಂಡು ಕಣ್ಣೊರೆಸಿಕೊಂಡೆ. ಯಂತ್ರವನ್ನು ಕನ್ನಡ ಕ್ಲಾಸಿಗೆ ದಾನ ಮಾಡಿದೆ. ಇದು ಯಾವಾಗಲಾದರೂ ಹೇಳಬೇಕು ಎಂದು ಮನಸ್ಸಿನಲ್ಲಿದ್ದದ್ದು, ಮಂಗಳವಾರದ ಆ ವಾಸನೆ ಕೈಗೆ ಪೆನ್ನು ಕೊಟ್ಟಿತು.

ಇಲ್ಲಿಗೆ ಮುಗಿಸಬಹುದೆಂದುಕೊಂಡಿದ್ದೆ. ಆದರೆ ನಿನ್ನೆ, ಶನಿವಾರ, ಮೋರಾ ಬಾಗಿಲಲ್ಲಿ ನಿಂತು ನನ್ನನ್ನು ಕೂಗಿದರು. ಸುಮಾಳನ್ನಲ್ಲ, ನನ್ನನ್ನು. ಹೋದೆ. ನಡುಮನೆಯ ಗೋಡೆ ಬರಿದಾಗಿತ್ತು, ಅದರ ಮೇಲೆ ಹನ್ನೆರಡು ಚೌಕದ ಗುರುತು. ಗೋಡೆ ತೇವ ಹಿಡಿದಿದೆ, ಸೋಮವಾರ ಗಾರೆಯವರು ಬರುತ್ತಾರೆ, ಎರಡು ವಾರದ ಕೆಲಸ ಎಂದರು. ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಒಳಗೆ, ಒಂದೊಂದಕ್ಕೂ ಟವೆಲ್ ಸುತ್ತಿ, ಹನ್ನೊಂದು ಹಕ್ಕಿಗಳು.

"ಅಲ್ಲಿವರೆಗೂ ನೀನು ಇಟ್ಕೋ" ಎಂದರು.

"ಯಾರು, ನಾನಾ?"

"ಮತ್ತಿನ್ಯಾರು? ಇವನ್ನ ಲ್ಯಾಮಿನೇಟ್ ಮಾಡಲ್ಲ ಅಂತ ನಾನು ಆಣೆ ಇಟ್ಟು ಹೇಳಬಹುದಾದ ಒಬ್ಬನೇ ಒಬ್ಬ ಮನುಷ್ಯ ಐರ್ಲೆಂಡಲ್ಲಿ ನೀನು."

ಹನ್ನೆರಡನೆಯದು ಎಲ್ಲಿ ಎಂದು ಕೇಳಿದೆ. ಅಡುಗೆಮನೆಯ ಕಡೆ ಕೈ ತೋರಿಸಿದರು. ಒಲೆಯ ಪಕ್ಕದಲ್ಲಿ, ಕೆಟಲಿನ ಹಬೆ ತಾಗುವ ಜಾಗದಲ್ಲಿ ಬಿಷಪ್ ಒರಗಿ ನಿಂತಿದ್ದ. "ಅವನು ನನ್ನ ಜೊತೆ ಇರ್ತಾನೆ. ಅವನಿಗೆ ಇನ್ನೇನೂ ಆಗಲ್ಲ. ನಿನ್ನ ಅಮ್ಮನಿಗೆ ಹೇಳು, ದಿನಾ ಮೂರು ಗಂಟೆಗೆ ಟೀ ಕುಡಿಯೋವಾಗ ಅವನೇ ಎದುರಿಗೆ ಅಂತ."

ನಾನು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಕೇಳತೊಡಗಿದೆ. ಮಲಗಿಸಿ ಇಡಲೋ, ನಿಲ್ಲಿಸಿ ಇಡಲೋ? ಟವೆಲ್ ಬಿಚ್ಚಬಹುದೋ? ಮೇಲಿನ ಕೋಣೆಯೋ, ಕೆಳಗಿನದೋ? ಹೀಟರ್ ಹಾಕಬಹುದೋ? ಅಮ್ಮ ವಿಡಿಯೋದಲ್ಲಿ ನೋಡುತ್ತೇನೆ ಎಂದರೆ ತೋರಿಸಬಹುದೋ? ಮೋರಾ ಒಂದೊಂದಕ್ಕೂ ಕೂತು ಉತ್ತರ ಹೇಳಿದರು. ಕೊನೆಗೆ ಅವರಿಗೇ ಸಾಕಾಗಿ, "ಸುಮ್ಮನೆ ಇಟ್ಟಿರು ಸಾಕು ಮಾರಾಯ, ಹೊರಡು" ಎಂದು ಬಾಗಿಲು ತೆರೆದರು.

ಹೊರಗೆ ಮಳೆ ಹಿಡಿದಿತ್ತು. ಎರಡು ಬಾಗಿಲ ನಡುವೆ ಇಪ್ಪತ್ತು ಹೆಜ್ಜೆ. ಕೋಟು ಬಿಚ್ಚಿ ಪೆಟ್ಟಿಗೆಗೆ ಹೊದಿಸಿ, ಮೋರಾ ಕೊಟ್ಟ ಕೊಡೆಯನ್ನು ಅದರ ಮೇಲೆ ಹಿಡಿದು, ಆಪರೇಷನ್ ಮುಗಿದ ರೋಗಿಯನ್ನು ವಾರ್ಡಿಗೆ ಸಾಗಿಸುವಷ್ಟು ನಿಧಾನವಾಗಿ ನಡೆದೆ. ಸುಮಾ ಬಾಗಿಲು ತೆಗೆದಳು. ತಲೆಯಿಂದ ನೀರಿಳಿಯುತ್ತ ಬರೀ ಶರ್ಟಿನಲ್ಲಿ ನಿಂತ ನನ್ನನ್ನು ನೋಡಿ, "ಏನ್ರೀ ಇದು ಅವತಾರ, ಬೇಗ ಒಳಗೆ ಬನ್ನಿ" ಎಂದಳು.

"ಬಾಗಿಲು ಪೂರ್ತಿ ತೆಗಿ" ಎಂದೆ. "ಮೊದಲು ಇವರು ಬರಲಿ."